ಕೌದಿಯ ಹೊಟ್ಟೆ

ಹೋಳಿಗೆ ಕಂಡರೆ ಈಗ ನನ್ನ ಮೇಲೇ ನನಗೆ ಹೇಸಿಗೆ ಹುಟ್ಟುತ್ತದೆ.

ಅಣ್ಣಿಗೇರಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಆಫ್ರಿಕನ್-ಅಮೆರಿಕನ್ ಕಲಾವಿದನೊಬ್ಬ ತನ್ನ ದೇಶದ ಕಾಲೇಜೊಂದಕ್ಕೆ ಮಾಡಿಕೊಟ್ಟ ಕೊಲಾಜಿನ ದೊಡ್ಡ ಪ್ರಿಂಟ್ ತಂದು ವರಾಂಡದಲ್ಲಿ ಹಾಕಿದ್ದೆ. ಮುಖವಿಲ್ಲ, ಮರವಿಲ್ಲ, ಬಣ್ಣದ ಮೇಲೆ ಅಂಟಿಸಿದ ಬಟ್ಟೆಯ ತುಂಡುಗಳು. ಅವು ಅವನ ತಾಯಿಯ ಹಳೆಯ ಬಟ್ಟೆಗಳೆಂದು ಹೇಳಿದ್ದೇ ತಡ, ನಮ್ಮ ಪ್ರಿನ್ಸಿಪಾಲರ ಕಣ್ಣು ಒದ್ದೆಯಾದವು. "ಅಗದಿ ದೊಡ್ಡ ಕಲಾರೀ ಇದು," ಎಂದರು.

ಕಾಲೇಜಿನ ಕಸ ಗುಡಿಸುವ ಅಕ್ಕ ಮಾತ್ರ ಅದನ್ನು ನೋಡಿ ನಕ್ಕಳು. "ಇದು ನಮ್ಮ ಕೌದಿ ಅಲ್ಲೇನ್ರಿ ಸರ್? ಹೊಚ್ಗೊಳ್ಳಾಕ ಬರೂದಿಲ್ಲ, ಅಷ್ಟ."

ಅವಳಿಗೆ ಒಂದು ಕೌದಿ ಹೊಲಿಯಲು ಹೇಳಿದವನು ನಾನೇ. ಸಮಿತಿಯವರು ಕಾಲೇಜು ನೋಡಲು ಬರುವ ದಿನ ಪ್ರಿಂಟಿನ ಪಕ್ಕದಲ್ಲೇ ಹಾಕುತ್ತೇನೆಂದು ಮಾತು ಕೊಟ್ಟೆ. ತೀರಿಹೋದ ಅವ್ವನ ಸೀರೆಗಳನ್ನು ಕತ್ತರಿಸಿ ಎರಡು ತಿಂಗಳು ಹೊಲಿದಳು. ನೋಡಲು ಬಾ ಎಂದು ಮೊರಬ ಊರಿಗೆ ಮದುವೆ ಮಾಡಿಕೊಟ್ಟ ಮಗಳನ್ನೂ ಕರೆಸಿದಳು.

ಸಮಿತಿ ಬರುವ ದಿನ ಬೆಳಿಗ್ಗೆ ಕೌದಿಯ ಮೇಲೆ ಇರುವೆಗಳ ಸಾಲು. ಪ್ರಿನ್ಸಿಪಾಲರು ಮೂಗಿಗೆ ಕರವಸ್ತ್ರ ಹಿಡಿದರು. "ಛೀ! ಯಾರ್ಯಾರ ಮೈಮ್ಯಾಲಿನ ಅರಿಬಿನೋ ಏನೋ! ಒಳಗ ಏನೈತಿ, ಹರದ ನೋಡ್ರಿ."

ಏನಿದೆಯೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಕೌದಿ ಮುಗಿಸುವಾಗ ನಡುವಿನ ತುಂಡಿನೊಳಗೆ ಹೋಳಿಗೆಯ ಚೂರಿಟ್ಟು ಹೊಲಿಯುತ್ತಾರೆ. ಅದು ಕೌದಿಯ ಹೊಟ್ಟೆ. ಅದು ತುಂಬಿದ್ದರೆ ಹೊದ್ದವರು ಹಸಿದು ಮಲಗುವುದಿಲ್ಲ. ನನ್ನ ಅಜ್ಜಿಯೂ ಹಾಗೇ ಹೊಲಿಯುತ್ತಿದ್ದಳು. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ಅದರ ಬದಲು ಬ್ಲೇಡು ತೆಗೆದು ಹೊಲಿಗೆ ಸೀಳಿದೆ. ಮುರುಟಿದ ಹೋಳಿಗೆ ನೆಲಕ್ಕೆ ಬಿತ್ತು, ಚೂರಲ್ಲ, ಇಡಿಯದು.

"ಹೊಲಸು," ಎಂದರು ಪ್ರಿನ್ಸಿಪಾಲರು.

"ಹೌದ್ರಿ," ಎಂದೆ ನಾನು.

ಬಳಿಕ ಸಮಿತಿಯವರ ಮುಂದೆ, ಅದೇ ಪ್ರಿಂಟಿನ ಕೆಳಗೆ, ತುಳಿತಕ್ಕೊಳಗಾದವರ ಕಲೆಯ ಬಗ್ಗೆ ಪ್ರಿನ್ಸಿಪಾಲರು ಹತ್ತು ನಿಮಿಷ ಮಾತಾಡಿದರು. ಹೇಳೋದು ಆಚಾರ, ಮಾಡೋದು ಅನಾಚಾರ! ಆದರೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಅಕ್ಕ ನೆಲದ ಹೋಳಿಗೆಯನ್ನು ತಾನೇ ಗುಡಿಸಿ ತೆಗೆದಳು. ಗೇಟಿನ ಹತ್ತಿರ ಮಗಳು ಹೊಸ ಸೀರೆ ಉಟ್ಟು ಕಾಯುತ್ತಿದ್ದಳು. ಅಕ್ಕ ಕೌದಿಯನ್ನು ಹರಿದ ಭಾಗ ಕಾಣದಂತೆ ಮಡಚಿಕೊಂಡು ನನ್ನ ಮುಂದೆ ಬಂದು ನಿಂತಳು.

"ಇಡೀ ಕಾಲೇಜಿಗಿ ಸಾಲಬೇಕಲ್ಲ ಅಂತ ಇಡೀ ಹೋಳಿಗಿ ಇಟ್ಟಿದ್ನಿರಿ ಸರ್. ಅವರಿಗಿ ಗೊತ್ತಿರಲಿಲ್ಲ, ಬಿಡ್ರಿ. ನಿಮಗ ಗೊತ್ತಿತ್ತಲ್ರೀ?"