ಹುಳಗಳಿಗೆ ಉಪವಾಸ ಮಾಡಿಸಿದ ಶಿವಲೀಲಾ ಮೇಡಂ

ಶ್ರಾವಣ ಸೋಮವಾರ ಊರಿಗೆ ಊರೇ ಉಪವಾಸವಿರುವಾಗ ಡಾ. ಶಿವಲೀಲಾ ಅವರು ಗಾಜಿನ ಬಾಟಲಿಗಳ ಮುಂದೆ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದರೆಂಬುದನ್ನು ಮೊದಲಿಗೆ ಓದುಗರ ಅವಗಾಹನೆಗೆ ತರಬಯಸುತ್ತೇನೆ. ನಾನು ಕೇಳಿದರೆ ಬಾಟಲಿಯತ್ತ ಬೆರಳು ತೋರಿಸುವರು.

"ನನ್ನ ಉಪವಾಸ ಇವು ಮಾಡಾಕತ್ತಾವ ಕಾಕಾ. ಇವುಗಳ ಊಟ ನಾ ಮಾಡಾಕತ್ತೇನಿ."

ಬಾಟಲಿಯಲ್ಲಿದ್ದವು ಹಣ್ಣಿನ ನೊಣದ ಮರಿಹುಳಗಳು. ಮೇಡಂ ಆಣ್ವಿಕ ಜೀವವಿಜ್ಞಾನಿ; ಬಸವಕಲ್ಯಾಣದಿಂದ ದಿನವೂ ಬಸ್ಸಿನಲ್ಲಿ ಹುಮನಾಬಾದಿನ ನಮ್ಮ ಕಾಲೇಜಿಗೆ ಬರುತ್ತಿದ್ದರು. ನಾನು ಸದರಿ ಕಾಲೇಜಿನ ಗುಮಾಸ್ತ. ಹಳೆಯ ಉತ್ತರಪತ್ರಿಕೆಗಳನ್ನಿಡುತ್ತಿದ್ದ ನನ್ನ ಕೊಠಡಿಯೇ ಅವರ ಪ್ರಯೋಗಾಲಯವಾಗಿತ್ತು.

ಹಸಿದ ಜೀವಕೋಶವು ತನ್ನೊಳಗಿನ ಕಸವನ್ನೇ ತಿಂದು, ಅದರಿಂದ ಹೊಸದನ್ನು ಕಟ್ಟಿಕೊಳ್ಳುವುದಕ್ಕೆ ಆಟೋಫೇಜಿ ಎನ್ನುತ್ತಾರೆ. ಇದನ್ನು ಅವರು ನನಗೆ ತಿಳಿಸಿಕೊಟ್ಟದ್ದು ನನ್ನ ಕಪಾಟನ್ನು ತೋರಿಸಿ.

"ಎಷ್ಟ್ ವರ್ಷದ ಸುತ್ತೋಲೆ ಇಟ್ಟೀರಿ ಕಾಕಾ! ಈ ಕಪಾಟು ಜೀವಕೋಶ ಆಗಿದ್ರ ಎಲ್ಲಾ ತಿಂದು ನಿಮಗೊಂದು ಹೊಸಾ ಕುರ್ಚಿ ಕಟ್ಟಿ ಕೊಡ್ತಿತ್ತು. ಬೆಳೆಯೋ ನರದಾಗ ಈ ಕೆಲಸ ನಿಂತ್ರ ಆ ನರ ಹ್ಯಾಂಗ ಬೆಳೀಬೇಕ್ರಿ? ಅದನ್ನ ನೋಡಾಕತ್ತೇನಿ."

ಅಂಥ ಒಂದು ಶ್ರಾವಣ ಸೋಮವಾರ ಮೂವರ ಸಮಿತಿ ಅವರ ಪ್ರಯೋಗದ ಪರಿಶೀಲನೆಗೆ ಬರುವುದಿತ್ತು. ಬಣ್ಣ ಹಾಕಿ ನೋಡಿದರೆ ಹಸಿದ ಹುಳದ ಜೀವಕೋಶಗಳಲ್ಲಿ, ಕಸ ತಿನ್ನುತ್ತಿರುವುದರ ಗುರುತಾಗಿ, ಸೂಕ್ಷ್ಮದರ್ಶಕದಡಿ ಕೆಂಪು ಚುಕ್ಕಿಗಳು ಕಾಣಬೇಕು. ಕಾಣದಿದ್ದಲ್ಲಿ ಕೊಠಡಿ ಮರಳಿ ಉತ್ತರಪತ್ರಿಕೆಗಳ ಪಾಲು. ಅವರ ಸಂಶೋಧನೆಗೆ ನಮ್ಮಲ್ಲಿ ಬೇರೆ ಜಾಗವಿರಲಿಲ್ಲ.

ಬೆಳಿಗ್ಗೆ ಮೇಡಂ ಕೆಲವು ಹುಳಗಳನ್ನು ಬೇರೊಂದು ಬಾಟಲಿಯಲ್ಲಿ ಒದ್ದೆ ಕಾಗದದ ಮೇಲೆ, ಆಹಾರವಿಲ್ಲದೆ ಬರೀ ನೀರಿನಲ್ಲಿ ಬಿಟ್ಟು ಪಾಠಕ್ಕೆ ಹೋದರು. ನನ್ನ ಮನಸ್ಸು ತಡೆಯಲಿಲ್ಲ. ಉಪವಾಸದ ದಿನವೂ ನಮ್ಮ ಮನೆಗಳಲ್ಲಿ ಬೆಲ್ಲ-ಶೇಂಗಾದ ಫರಾಳ ಉಂಟು. ಈ ಜೀವಗಳಿಗೆ ಮಾತ್ರ ಏಕಿಲ್ಲ? ಜೇಬಿನಲ್ಲಿದ್ದ ಬೆಲ್ಲದ ಚೂರನ್ನು ಬಾಟಲಿಗೆ ಹಾಕಿದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಮಸೂರದೊಳಗೆ ಇಣುಕಿದರು. "ಒಂದು ಚುಕ್ಕಿನೂ ಕಾಣವಲ್ದಲ್ರಿ ಮೇಡಂ?"

ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದರು. ಬೆಲ್ಲವನ್ನು ನೋಡಿದರು, ಅನಂತರ ನನ್ನನ್ನು.

"ಹುಳಗೋಳಿಗೆ ಫರಾಳ ಮಾಡಿಸೀರೇನ್ ಕಾಕಾ?"

"ಪಾಪ ಅನಿಸ್ತರಿ…"

ಅವರು ಅಧ್ಯಕ್ಷರತ್ತ ತಿರುಗಿದರು. "ಖರೆ ಹೇಳ್ತೀನ್ರಿ ಸರ. ಇವಕ್ಕ ನಮ್ಮ ಕಾಕಾ ಬೆಲ್ಲ ತಿನ್ನಿಸ್ಯಾರ. ಹೊಟ್ಟಿ ತುಂಬಿದ ಮ್ಯಾಲ ಕಸ ಯಾಕ ತಿಂತಾವ? ಬ್ಯಾರೆ ಹುಳ ಇಡ್ತೀನಿ. ನಾಲ್ಕು ತಾಸು ಉಪವಾಸ ಆಗಬೇಕು. ತಾವೂ ಕೂಡ್ರಿ."

"ನಮ್ಮ ಊಟದ್ದು ಹ್ಯಾಂಗ್ರಿ?"

"ಶ್ರಾವಣ ಸ್ವಾಮಾರ ಅದರಿ ಸರ!"

ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕುಳಿತರು. ಮೇಡಂ ಬಾಗಿಲ ಬಳಿ ನನ್ನನ್ನು ಕಾವಲಿಗೆ ನಿಲ್ಲಿಸಿ ಕಿವಿಯಲ್ಲಿ ಹೇಳಿದರು: "ಯಾರಿಗೂ ಏನೂ ಹಾಕಬ್ಯಾಡ್ರಿ. ಕಮಿಟಿಯವ್ರಿಗೂ."

ಆ ನಾಲ್ಕು ತಾಸಿನಲ್ಲಿ ಮೇಡಂ ಕುಳಿತಿದ್ದ ಪಕ್ಕದ ಕೊಠಡಿಯಿಂದ ಪುಂಡಿಪಲ್ಲೆಯ ವಾಸನೆ ಬಂದದ್ದನ್ನು ನಾನು ಯಾವ ಕಡತದಲ್ಲೂ ನಮೂದಿಸಿಲ್ಲ.

ಸಂಜೆ ಅಧ್ಯಕ್ಷರು ಮತ್ತೆ ಇಣುಕಿದರು. ಕೆಂಪು ಚುಕ್ಕಿಗಳು ದಾಳಿಂಬೆಯ ಕಾಳಿನಂತೆ ಹರಡಿದ್ದವು. "ಸಾಕ್ರಿ ಮೇಡಂ, ಕಂಡ್ವು, ಎಲ್ಲಾ ಕಂಡ್ವು. ಸಹಿ ಎಲ್ಲಿ ಮಾಡ್ಲಿ?"

ಕೊಠಡಿ ಉಳಿಯಿತು. ಮೇಡಂ ಉಳಿಯಲಿಲ್ಲ, ಕಳೆದ ವರ್ಷ ದೂರದ ದೊಡ್ಡ ಪ್ರಯೋಗಾಲಯವೊಂದು ಅವರನ್ನು ಕರೆಸಿಕೊಂಡಿತು. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬೆಲ್ಲ-ಶೇಂಗಾದ ಪೊಟ್ಟಣ ಕೊಟ್ಟೆ. ಕಿಟಕಿಯಿಂದ ಕೈಚಾಚಿ ತೆಗೆದುಕೊಂಡರು.

"ನಾ ಹೋದ ಮ್ಯಾಲ ಆ ಹುಳಗೋಳಿಗೆ ಉಣಸ್ತೀರಿ, ನನಗ ಗೊತ್ತದ."

"ಇಲ್ರಿ ಮೇಡಂ."

"ಆಣಿ ಮಾಡ್ರಿ. ನಿಮ್ಮ ಸುತ್ತೋಲೆ ಕಪಾಟಿನ ಮ್ಯಾಲ!"

ನಾನು ಆಣೆ ಮಾಡುವಷ್ಟರಲ್ಲಿ ಬಸ್ಸು ಹೊರಟಿತು. ಅವರ ನಗು ಮಾತ್ರ ಕೇಳಿಸಿತು.

ಈಗ ಅವರ ವಿದ್ಯಾರ್ಥಿನಿಯರು ಕೆಲಸ ಮುಂದುವರಿಸಿದ್ದಾರೆ. ಶ್ರಾವಣ ಸೋಮವಾರಗಳಂದು ಬಾಟಲಿಗಳ ಕಾವಲು ನನ್ನದೇ. ಜೇಬಿನಲ್ಲಿ ಬೆಲ್ಲವಿರುತ್ತದೆ. ಆದಕಾರಣ, ಅವುಗಳಿಗೆ ಬೆನ್ನು ತಿರುಗಿಸಿ ಕುಳಿತಿರುತ್ತೇನೆ.