ಕಮಟು

ಸಾಂತಾಕ್ರೂಜಿನ ಆ ಫ್ಲ್ಯಾಟಿನಲ್ಲಿ ಬೆಳಗಿನ ಅಡುಗೆ ಮಾಡುವ ಹಾಲವ್ವನಿಗೆ ಮನೆಯೊಡತಿ ವೈಶಾಲಿಯ ಸೆಂಟಿನ ದಂಧೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ತಿನ್ನುವುದನ್ನು ತಿನ್ನಬೇಕು, ಕುಡಿಯುವುದನ್ನು ಕುಡಿಯಬೇಕು. ಮೈಗೆ ಬಳಿದುಕೊಂಡು ತಿರುಗುವುದೆಂದರೇನು? ತನ್ನ ಚಹಾಕ್ಕೆ ಹಾಲೂ ಬೇಡ ಸಕ್ಕರೆಯೂ ಬೇಡ ಎನ್ನುವ ಈಕೆ, ಏಲಕ್ಕಿ ಹಾಕಿ ಕುದಿಸಿದ ಹಾಲು ಚಹಾದ ವಾಸನೆಯನ್ನು ಶೀಸೆಗೆ ತುಂಬಲು ಆರು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಅದೇ ಸೆಂಟಿಗೆಂದು ಮಾಡಿಸಿಕೊಂಡ ಉಂಡಿಯನ್ನಂತೂ ಮೂಸಿ ಮೂಸಿ ತಟ್ಟೆಗೇ ವಾಪಸ್ಸು ಇಡುವಳು. ಮೂಸಿಬಿಟ್ಟದ್ದನ್ನು ಇನ್ನೊಬ್ಬರಿಗೆ ಕೊಡಲು ಮನಸ್ಸಾಗದೆ ಹಾಲವ್ವ ತಾನೇ ತಿನ್ನುತ್ತಿದ್ದಳು, ಬೈಯುತ್ತ.

ಉಂಡಿಯ ಮಾತು ಬಂದರೆ ಹಾಲವ್ವನಿಗೆ ತುಸು ಸೊಕ್ಕೇ. ಇಂಡಿ ತಾಲೂಕಿನಿಂದ ಬಂದು ಮೂವತ್ತು ವರ್ಷವಾಯಿತು. ಆಂಟಾಪ್ ಹಿಲ್‌ನ ಕನ್ನಡದ ಮನೆಗಳಲ್ಲಿ ಬಸುರಿಯ ಕುಬಸವಿರಲಿ, ಕೂಸಿನ ತೊಟ್ಟಿಲಿರಲಿ, ಬೇಸನ್ ಉಂಡಿ ಅವಳ ಕೈಯದೇ ಆಗಬೇಕು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದ್ದು ಆ ಹೆಸರು.

ಅದಕ್ಕೇ, ಸೆಂಟಿನ ಡಬ್ಬಿಯ ಮೇಲೆ ನಿಮ್ಮ ಫೋಟೋ ಹಾಕುತ್ತೇನೆ ಎಂದು ವೈಶಾಲಿ ಹೇಳಿದಾಗ ಹಾಲವ್ವ ಒಳಗೊಳಗೇ ಹಿಗ್ಗಿದ್ದಳು. ಉಟ್ಟುಕೊಂಡು ಬಂದ ಹೊಸ ಸೀರೆಯನ್ನು ಬಿಚ್ಚಿಸಿ ಹಳೇ ಮಾಸಿದ ಸೀರೆ ಉಡಿಸಿದಾಗಲೂ ಉಂಡಿ ಹಿಡಿದು ನಿಂತಿದ್ದಳು.

ನಿನ್ನೆ ಡಬ್ಬಿಯ ಮಾದರಿ ಅಚ್ಚಾಗಿ ಬಂತು. ಕೈಯಲ್ಲಿ ಉಂಡಿ ಹಿಡಿದ ಹಾಲವ್ವ. ಕೆಳಗೆ, 'ಹಾಲವ್ವನ ಕೈ ಉಂಡಿ, ಕಟಿಂಗ್ ಚಹಾ'. ನಾಲ್ಕನೆಯ ಇಯತ್ತೆ ಕಲಿತವಳು ಮೇಲಿನ ದಪ್ಪ ಕನ್ನಡ ಅಕ್ಷರವನ್ನೂ ಕೂಡಿಸಿಕೊಂಡು ಓದಿದಳು: ಕಮಟು.

"ಇದೇನ್ರೀ ಬಾಯಾರ?"

"ಪರ್ಫ್ಯೂಮ್ ಹೆಸರು! ಅಜ್ಜೀದು ವರ್ಡ್. ಗೋಕಾಕದಾಗ ಉಂಡಿ ಡಬ್ಬಿ ಓಪನ್ ಮಾಡಿ, ಮೂಸಿ, ಹರ್ ಸಾಲ್ ಹಂಗ ಅನ್ನೋಳು. ಆ ಸ್ಮೆಲ್ಲಿನ ನಾಮ್ ಅದೇ ನಾ?"

ಹಾಲವ್ವನಿಗೆ ಮೊದಲು ನಗು ಬಂತು, ಹಿಂದೆಯೇ ಮೈ ಉರಿಯಿತು.

"ತುಪ್ಪ ಕೆಟ್ಟು ನಾರತದಲ್ಲ, ಅದಕ್ಕ ಕಮಟು ಅಂತಾರ್ರೀ. ಹಾಲವ್ವನ ಉಂಡಿ ಕಮಟು ಅಂತ ಓದಿದರ ನಾಳೆ ಯಾರು ನನ್ನ ಕೈಲೆ ಉಂಡಿ ಮಾಡಿಸತಾರ? ನನ್ನ ಹೊಟ್ಟಿ ಮ್ಯಾಲ ಯಾಕ ಹೊಡಿತೀರಿ?"

"ನೋ ನೋ. ಅಜ್ಜಿ ನನಗ ಖರಾಬ್ ಉಂಡಿ ಯಾಕ ಕೊಡತಾಳ?"

"ನೀವು ಊರಿಗೆ ಯಾವಾಗ ಹೋಗತಿದ್ರಿ?"

"ಮೇ. ವೆಕೇಶನ್‌ನಾಗ."

"ಅಕಿ ದೀಪಾವಳಿಗೆ ಮಾಡಿಟ್ಟಿರತಾಳ. ಬರತೀವಿ ಅಂದಿರತೀರಿ. ಬಂದಿರೂದಿಲ್ಲ. ಮತ್ತೊಬ್ಬರಿಗೆ ಕೊಡಾಕ ಅಕಿಗೆ ಮನಸ್ಸಾಗಿರೂದಿಲ್ಲ. ಮೇ ತನಕ ಹಂಗ ಇಟ್ಟಿರತಾಳ."

ವೈಶಾಲಿಯ ಕಣ್ಣು ತುಂಬಿತು. ಈ ಮನೆಗೆ ಬಂದ ಮೇಲೆ ಮೊದಲ ಸಲ ಹಾಲವ್ವನಿಗೆ ಅವಳ ಮೇಲೆ ಕನಿಕರ ಹುಟ್ಟಿತು. ಸೆರಗಿಗೆ ಕೈ ಒರೆಸಿಕೊಂಡು ಹೆಗಲು ಮುಟ್ಟಲು ಹೋದಳು.

ಅಷ್ಟರಲ್ಲಿ ವೈಶಾಲಿ ಫೋನು ಎತ್ತಿಕೊಂಡಳು. "ವಾಹ್! ಈಗ ಅಂದ್ರಲ್ಲ, ಅದನ್ನ ಫಿರ್ ಸೇ ಬೋಲೋ ನಾ ಹಾಲವ್ವಾ, ರೆಕಾರ್ಡ್ ಮಾಡತೀನಿ. ನಾಮ್ ಇದೇ ಇರಲಿ. ಸ್ಟೋರಿ ಇನ್ನೂ ಡೀಪ್ ಆಯ್ತು."

ಕಣ್ಣೀರು ಇನ್ನೂ ಗಲ್ಲದ ಮೇಲೇ ಇತ್ತು. ಇಷ್ಟು ದಿನ ಹಾಲವ್ವ ಇವಳನ್ನು ಹಗುರಾಗಿ ಕಂಡದ್ದು ಬರೀ ಚೇಷ್ಟೆಗೆ. ಈಗ ನಿಜಕ್ಕೂ ಹೇಸಿಗೆಯಾಯಿತು. ಡಬ್ಬಿಯಿಂದ ತನ್ನ ಮುಖವಿದ್ದ ಭಾಗವನ್ನು ಪರ್ರನೆ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನನ್ನ ಉಂಡಿ ಯಾವತ್ತೂ ಕಮಟು ಬಂದಿಲ್ಲ. ನಿಮ್ಮ ಅಜ್ಜಿ ಫೋಟೋ ಹಾಕ್ರಿ."

ವೈಶಾಲಿ ಫೋನು ಕೆಳಗಿಳಿಸಿದಳು. "ಅಜ್ಜೀದು ಫೋಟೋ ನನ್ನ ಹತ್ರ ಒಂದೂ ಇಲ್ಲ" ಎಂದಳು.

ಹಾಲವ್ವ ಅದಕ್ಕೂ ಕರಗಲಿಲ್ಲ. ಫೋನಿನಲ್ಲಿದ್ದ ತನ್ನ ಫೋಟೋಗಳನ್ನೆಲ್ಲ ಎದುರಿಗೇ ಅಳಿಸಿ ಹಾಕಿಸಿ, ಕಣ್ಣಾರೆ ನೋಡಿದ ಮೇಲೆಯೇ ಚಪ್ಪಲಿ ಮೆಟ್ಟಿದಳು.