ಡಬ್ಬಿಯೊಳಗಿನ ನಾಲ್ಕು ಗೆರೆ

ಫ್ರೀಜರಿನಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿದವಳು ಹಾಗೇ ನಿಂತುಬಿಟ್ಟೆ. ಸಕ್ಕರೆ ಕಾಯಿಲೆಯ ಯಜಮಾನರಿಗೆಂದು ಸಕ್ಕರೆ ಹಾಕದೆ ಕಲ್ಲಂಗಡಿ ರುಬ್ಬಿ, ಇಂಡಿ ಊರಿನ ನಿಂಬೆಹಣ್ಣು ಹಿಂಡಿ ಬೆಳಿಗ್ಗೆ ಇಟ್ಟಿದ್ದ ರಸ ಅದು. ಐಸ್‌ಕ್ರೀಂ ಯಂತ್ರವಿಲ್ಲದೆ ಸೋರ್ಬೆ, ಅಂದರೆ ಹಾಲಿಲ್ಲದ ಹಣ್ಣಿನ ಐಸು, ಮಾಡಬೇಕೆಂದರೆ ಅರ್ಧ ಗಟ್ಟಿಯಾದಾಗ ಕೆದರಬೇಕು, ಇಲ್ಲದಿದ್ದರೆ ಕಲ್ಲಾಗುತ್ತದೆ. ನಾನು ಅದನ್ನು ಮರೆತು, ಮನೆಗೆ ಕೀಲಿ ಹಾಕಿ, ಯಜಮಾನರ ಜೊತೆ ಸಿಂದಗಿ ಸಂತೆಗೆ ಹೋಗಿದ್ದೆ.

ಆದರೆ ಯಾರೋ ಕೆದರಿದ್ದರು. ಎಲ್ಲವೂ ಉಪ್ಪಿಟ್ಟಿನ ಹಾಗೆ ಉದುರಾಗಿತ್ತು. ಅಂಚಿನಲ್ಲಿ ನಾಲ್ಕು ಬೆರಳು ಎಳೆದ ಗೆರೆಗಳು. ಮೂರನೆಯದು ಮಾತ್ರ ಗಿಡ್ಡ.

ನಾನು ದೆವ್ವ-ಗಿವ್ವ ನಂಬುವವಳಲ್ಲ. ಆದರೆ ಹೋದ ವರ್ಷ ತೀರಿಕೊಂಡ ನಮ್ಮ ಅತ್ತೆ ಏನಿದ್ದರೂ ಕೈಯಿಂದಲೇ ಕಲಸುತ್ತಿದ್ದರು. ಅವರ ಉಂಗುರದ ಬೆರಳಿನ ತುದಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ತುಂಡಾಗಿತ್ತು.

"ಏನ್ರಿ, ಇಲ್ಲಿ ನೋಡ್ರಿ" ಅಂದೆ.

ಯಜಮಾನರು ಬಹಳ ಹೊತ್ತು ನೋಡಿದರು. "ಮುಚ್ಚಿ ಒಳಗ ಇಡು. ಅವ್ವ ಮುಟ್ಟಿದ್ದು ಕರಗಬಾರ್ದು" ಅಂದರು.

ಆ ಡಬ್ಬಿ ಇನ್ನೂ ಅಲ್ಲೇ ಇದೆ. ನಾನು ಫ್ರೀಜರ್ ತೆಗೆಯುವುದನ್ನೇ ಬಿಟ್ಟಿದ್ದೇನೆ. ಕರೆಂಟು ಹೋದರೆ ಸಾಕು, ಇವರು ಎಲ್ಲಿದ್ದರೂ ಓಡಿ ಬಂದು, ಫ್ರಿಜ್ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.